ತಟ್ಟೆ ತೊಳೆದ ನೀರು

ಐವತ್ತೆರಡು ವರ್ಷ ನಾನು ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವಳಲ್ಲ. ಇದನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಡಾಕ್ಟರ ಮುಂದೆಯೂ ಹಾಗೆಯೇ ಹೇಳಿದೆ. ಅವರು ತಲೆಯೆತ್ತದೆ ಅದನ್ನು ಫೈಲಿನಲ್ಲಿ ಬರೆದುಕೊಂಡರು. ಬಗ್ಗಿ ನೋಡಿದರೆ, ಕಾಯಿಲೆಗೆ ಕಾರಣ ಬರೆಯುವ ಜಾಗದಲ್ಲಿ ಬರೆದಿದ್ದರು. ನಮ್ಮಲ್ಲಿ ತಟ್ಟೆಗೆ ಬಿದ್ದದ್ದು ಊಟವಲ್ಲ, ಪ್ರಸಾದ. ಅದನ್ನು ಕೆಡಿಸುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಅಕ್ಷರ ಕಲಿಯುವ ಮೊದಲೇ ಅವ್ವ ನನಗೆ ಕಲಿಸಿದ್ದು ಇದು. ನನ್ನ ತಟ್ಟೆಯೊಂದೇ ಆಗಿದ್ದರೆ ತೊಂದರೆ ಇರಲಿಲ್ಲ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಮಗಳು ಬಿಟ್ಟ ಅರ್ಧ ಚಪಾತಿ, ನಮ್ಮನೆಯವರು ಅಂಗಡಿಗೆ ಹೊತ್ತಾಯಿತೆಂದು ಬಿಟ್ಟೆದ್ದ ಉಪ್ಪಿಟ್ಟು, ಪಾತ್ರೆಯ ತಳಕ್ಕೆ ಹತ್ತಿದ ಪಾಯಸ, ಇವೆಲ್ಲವೂ ಪ್ರಸಾದವೇ ಆಗಿ ನನ್ನ ಪಾಲಿಗೆ ಬಂದವು. ಮನೆಯಲ್ಲಿ ಇದ್ದದ್ದು ಮೂರು ಜನ. ಉಣ್ಣುವವರು ನಾಲ್ಕು, ಅದರಲ್ಲಿ ಎರಡು ನಾನು. ಕೊನೆಗೆ ಆಸ್ಪತ್ರೆಯ ತೂಕದ ಯಂತ್ರ ನೂರಾ ಎಂಟು ತೋರಿಸಿದಾಗ ನನಗೆ ಮೊದಲು ಹೊಳೆದದ್ದು, ಪರವಾಗಿಲ್ಲ, ಒಳ್ಳೆಯ ಸಂಖ್ಯೆ, ಎಂದು. ಡಾಕ್ಟರಿಗೆ ಹಾಗೆ ಅನಿಸಿದಂತೆ ಕಾಣಲಿಲ್ಲ.

ಈಗ ಇದನ್ನು ಬರೆಯುತ್ತಿರುವಾಗ ನನ್ನ ಎದುರಿಗೆ ಒಂದು ಸ್ಟೀಲ್ ಲೋಟವಿದೆ. ಅದರಲ್ಲಿ ಮಧ್ಯಾಹ್ನದ ಊಟದ ತಟ್ಟೆ ತೊಳೆದ ನೀರಿದೆ. ಅದನ್ನು ಈಗ ಕುಡಿಯುವಂತಿಲ್ಲ. ಹೊಟ್ಟೆ ಚಿಕ್ಕದು ಮಾಡಿಸಿಕೊಂಡವರು ಊಟದ ಜೊತೆ ನೀರು ಕುಡಿಯಬಾರದಂತೆ, ಅರ್ಧ ಗಂಟೆ ಬಿಡಬೇಕಂತೆ. ಶಿವನ ಪ್ರಸಾದಕ್ಕೂ ಡಾಕ್ಟರ ಮಾತಿಗೂ ನಡುವೆ ಬಿದ್ದ ಈ ಅರ್ಧ ಗಂಟೆಯಲ್ಲಿ ನಾನು ಸುಮ್ಮನೆ ಕೂರಲಾರದೆ ಈಚೆಗೆ ಬರೆಯತೊಡಗಿದ್ದೇನೆ.

ಆಪರೇಷನ್ ಯಾಕೆ ಮಾಡಿಸಿಕೊಂಡೆ ಎಂದು ಕೇಳುವವರಿಗೆ ನಾನು ಮಂಡಿನೋವು, ಶುಗರ್ರು ಎನ್ನುತ್ತೇನೆ. ಅದೂ ನಿಜ. ಆದರೆ ಮನಸ್ಸಿಗೆ ನಾಟಿದ ಕಾರಣ ಬೇರೆ. ನೆಲದ ಮೇಲೆ ಪದ್ಮಾಸನ ಹಾಕಿ ಲಿಂಗಪೂಜೆ ಮಾಡುವುದು ನಿಂತು ಹೋಗಿ ನಾಲ್ಕು ವರ್ಷವಾಗಿತ್ತು. ಕುರ್ಚಿಯ ಮೇಲೆ ಕೂತು ಅಂಗೈಯಲ್ಲಿ ಲಿಂಗ ಹಿಡಿದುಕೊಂಡರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತಂತೆ ಅನಿಸುತ್ತಿತ್ತು. ಮಗಳು ರಶ್ಮಿ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳೇ ಫೋನಿನಲ್ಲಿ ಚಿತ್ರ ತೋರಿಸಿ ಈ ಆಪರೇಷನ್ ವಿಚಾರ ವಿವರಿಸಿದಳು. ನಮ್ಮನೆಯವರದು ಗಾಂಧಿ ಬಜಾರಿನ ಹತ್ತಿರ ಹಾರ್ಡ್‌ವೇರ್ ಅಂಗಡಿ. ಅವರಿಗೆ ಒಂದೇ ಮಾತಿಗೆ ಅರ್ಥವಾಯಿತು. "ದೊಡ್ಡ ಪೈಪಿಗೆ ರೆಡ್ಯೂಸರ್ ಹಾಕ್ತಾರೆ, ಅಷ್ಟೇ ಕಣೇ. ಏನೂ ಹೆದರ್ಬೇಡ" ಎಂದರು. ಡಾಕ್ಟರು ಮಾತ್ರ ಬಾಳೆಹಣ್ಣಿನ ಉದಾಹರಣೆ ಕೊಟ್ಟರು. ಮುಕ್ಕಾಲು ಪಾಲು ತೆಗೆದು, ಬಾಳೆಹಣ್ಣಿನಷ್ಟು ಹೊಟ್ಟೆ ಉಳಿಸುತ್ತೇವೆ ಎಂದರು. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ ಎಂದು ನಾನು ಕೇಳಿದೆ. ನಾನು ತಮಾಷೆ ಮಾಡಿದೆನೆಂದು ಅವರು ನಕ್ಕರು. ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಇವತ್ತಿಗೂ ತಿಳಿದಿಲ್ಲ.

ಕಷ್ಟ ಇದ್ದದ್ದು ಭದ್ರಾವತಿಯಲ್ಲಿ. ಭದ್ರಾವತಿಯ ಹೊಸಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ನಮ್ಮ ಅವ್ವ ಇದ್ದಾಳೆ. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಮ್ಮಪ್ಪ ಕಾರ್ಖಾನೆಯಲ್ಲಿದ್ದಾಗ ಹರ್ನಿಯಾ ಆಪರೇಷನ್ನಿಗೆಂದು ನಡೆದುಕೊಂಡೇ ಒಳಗೆ ಹೋದವರು, ನಡೆದುಕೊಂಡು ಹೊರಗೆ ಬರಲಿಲ್ಲ. ಅಂದಿನಿಂದ ನಮ್ಮ ತವರಿನಲ್ಲಿ ಆಪರೇಷನ್ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಅವ್ವ ತನ್ನ ಕಣ್ಣಿನ ಪೊರೆಯನ್ನೂ ತೆಗೆಸಲು ಒಪ್ಪದೆ ಎರಡು ವರ್ಷ ಸತಾಯಿಸಿದ್ದಳು. ಹಾಗಾಗಿ ರಶ್ಮಿ ಉಪಾಯ ಹುಡುಕಿದಳು. "ಶ್ರೀಶೈಲಕ್ಕೆ ಹೋಗ್ತಿದೀವಿ ಅಂತ ಹೇಳಿಬಿಡೋಣಮ್ಮ. ಬೆಟ್ಟದ ಮೇಲೆ ಫೋನ್ ಸಿಗಲ್ಲ ಅಂದ್ರೆ ಅಜ್ಜಿ ನಂಬ್ತಾರೆ." ಅವ್ವನಿಗೆ ಹೇಳಿದ್ದು ರಶ್ಮಿಯೇ, ನಾನಲ್ಲ. ನಾನು ಪಕ್ಕದಲ್ಲಿ ಕೂತು ತಲೆ ಆಡಿಸಿದೆ, ಅಷ್ಟೇ. ಫೋನಿನಲ್ಲಿ ತಲೆ ಆಡಿಸಿದ್ದು ಕಾಣುವುದಿಲ್ಲವಾದ್ದರಿಂದ ಸುಳ್ಳಿನಲ್ಲಿ ನನ್ನ ಪಾಲು ಕಡಿಮೆ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಅವ್ವ ಅಣ್ಣನ ಕೈಲಿ ಒಂದು ತೆಂಗಿನಕಾಯಿ ಕಳಿಸಿದಳು, ಶ್ರೀಶೈಲದ ಮಲ್ಲಯ್ಯನ ಮುಂದೆ ತನ್ನ ಹೆಸರಿನಲ್ಲಿ ಒಡೆಸಬೇಕೆಂದು. ಆ ಕಾಯಿ ನಮ್ಮ ದೇವರ ಗೂಡಿನಲ್ಲೇ ಉಳಿಯಿತು. ತೆಂಗಿನಕಾಯಿಗೆ ಮೂರು ಕಣ್ಣು ಇರುತ್ತವೆಂದು ನನಗೆ ಮೊದಲೇ ಗೊತ್ತಿತ್ತು. ಅವು ಮನುಷ್ಯರನ್ನು ನೋಡುತ್ತವೆಂದು ಗೊತ್ತಾದದ್ದು ಆಮೇಲೆ.

ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಬಳೆ, ಓಲೆ, ಕಾಲುಂಗುರ ಎಲ್ಲ ಬಿಚ್ಚಿಸಿದರು. ಕೊನೆಗೆ ನರ್ಸು ಕೊರಳಿನ ಕರಡಿಗೆಗೆ ಕೈ ಹಾಕಿದಳು. ಲಿಂಗ ಇರುವ ಬೆಳ್ಳಿಯ ಡಬ್ಬಿ ಅದು. ಅದನ್ನು ಮೈಯಿಂದ ಬೇರೆ ಮಾಡುವುದಾದರೆ ನಾನು ಮನೆಗೇ ಹೋಗುತ್ತೇನೆ ಎಂದೆ. ನರ್ಸು ಬೇಡಿದಳು, ನಮ್ಮನೆಯವರು ಬೇಡಿದರು. ಅರವಳಿಕೆ ಕೊಡುವ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸು, ಬಂದು ಕೇಳಿಸಿಕೊಂಡು, ಕರಡಿಗೆ ಬೇಡ, ಲಿಂಗ ಮಾತ್ರ ಬಟ್ಟೆಯಲ್ಲಿ ಸುತ್ತಿ ಎಡಗೈಗೆ ಕಟ್ಟಿ, ಅದರ ಮೇಲೆ ಪ್ಲಾಸ್ಟರ್ ಹಾಕಿ ಎಂದು ಹೇಳಿದರು. ನಾನು ದಿನವೂ ಪೂಜೆ ಮುಗಿದ ಮೇಲೆ ಶಿವ ಮಾಡಿದ ಐದು ಉಪಕಾರಗಳನ್ನು ಬಲಗೈ ಬೆರಳು ಮಡಚಿ ನೆನೆಯುವುದು ರೂಢಿ. ಆ ಡಾಕ್ಟರಿಗೆ ಒಂದು ಬೆರಳು ಇವತ್ತಿಗೂ ಕಾಯಂ.

ಉಳಿದ ಬೆರಳುಗಳ ವಿಷಯದಲ್ಲೇ ಗೊಂದಲ. ಮೊದಲ ತಿಂಗಳು ಬರೀ ನೀರು, ತಿಳಿಸಾರು, ಪುಡಿ ಕಲಸಿದ ಹಾಲು. ಆಮೇಲೆ ಮಗುವಿಗೆ ತಿನ್ನಿಸುವ ಹಾಗೆ ಕಿವುಚಿದ ಅನ್ನ. ಹಸಿವು ಎಂಬುದೇ ಹೊರಟುಹೋಯಿತು. ಇದು ಉಪಕಾರವೇ ಸರಿ ಎಂದು ಬೆರಳು ಮಡಚಿದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತರೆ ಏನು ಮಾಡಬೇಕೆಂದೇ ತೋಚಲಿಲ್ಲ. ಮೂವತ್ತು ವರ್ಷ ತಿಂಡಿ ತಿನ್ನುತ್ತಾ ಮಧ್ಯಾಹ್ನಕ್ಕೆ ಏನು ಎಂದು ಯೋಚಿಸಿದವಳು, ಮಧ್ಯಾಹ್ನ ಉಣ್ಣುತ್ತಾ ಸಂಜೆಗೆ ಏನು ಎಂದು ಯೋಚಿಸಿದವಳು. ಈಗ ಆ ಯೋಚನೆಯ ಜಾಗವೆಲ್ಲ ಖಾಲಿ, ಮದುವೆ ಮುಗಿದ ಛತ್ರದ ಹಾಗೆ. ಬಿಸಿ ಅಕ್ಕಿರೊಟ್ಟಿಯ ವಾಸನೆಗೆ ಕಣ್ಣಲ್ಲಿ ನೀರು ಬಂತು. ತಿನ್ನಬೇಕೆಂದಲ್ಲ, ತಿನ್ನಬೇಕು ಅನಿಸುತ್ತಿಲ್ಲವಲ್ಲ ಎಂದು. ಮಡಚಿದ ಬೆರಳನ್ನು ಮತ್ತೆ ಬಿಡಿಸಿದೆ. ಒಂದು ದಿನ ಪರೀಕ್ಷೆಗೆಂದು ಅರ್ಧ ಹೋಳಿಗೆ ತಿಂದೆ. ಹತ್ತು ನಿಮಿಷಕ್ಕೆ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು, ನಡುಮನೆಯಲ್ಲಿ ಚಾಪೆ ಹಾಕಿ ಮಲಗಿಬಿಟ್ಟೆ. ನನ್ನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಹೋಳಿಗೆ ಹೀಗೆ ತಿರುಗಿ ಬೀಳುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮೈ ಕೂಡ ನನಗೆ ತಿಳಿಸದೆ ತನ್ನ ಪಾಡಿಗೆ ಹೋಗುತ್ತಿತ್ತು. ಹಿಟ್ಟು ನಾದುವಾಗ ಬಳೆ ಉದುರಿ ಹಿಟ್ಟಿನಲ್ಲಿ ಕೂರುತ್ತಿತ್ತು. ಕಾಲುಂಗುರಕ್ಕೆ ದಾರ ಸುತ್ತಿದೆ. ಕೂದಲು ಬಾಚಣಿಗೆಯಲ್ಲಿ ಹಿಡಿಹಿಡಿಯಾಗಿ ಬಂತು. ಗಟ್ಟಿ ನೆಲದ ಮೇಲೆ ಕೂತರೆ ಏನೋ ಚುಚ್ಚುತ್ತದೆಂದು ನೋಡಿದರೆ ಅದು ನನ್ನದೇ ಮೂಳೆ. ಮೊದಲೆಲ್ಲ ಕರಡಿಗೆ ಎದೆಯ ಮೇಲೆ ಪೀಠದಲ್ಲಿ ಕೂತಂತೆ ಸ್ಥಿರವಾಗಿ ಇರುತ್ತಿತ್ತು. ಈಗ ಬಗ್ಗಿದರೆ ಗಡಿಯಾರದ ಲೋಲಕದ ಹಾಗೆ ತೂಗಾಡುತ್ತದೆ. ಲಿಂಗ ಹೊಕ್ಕುಳಿನಿಂದ ಕೆಳಗೆ ಇಳಿಯಬಾರದು, ಹಾಗಾಗಿ ನಾಲ್ಕು ತಿಂಗಳಲ್ಲಿ ಮೂರು ಸಲ ಶಿವದಾರಕ್ಕೆ ಗಂಟು ಹಾಕಿದೆ. ಮೈ ಇಳಿದರೂ ಮನಸ್ಸು ಇಳಿಯಲಿಲ್ಲ. ಎರಡು ಸ್ಕೂಟರಿನ ನಡುವೆ ಜಾಗ ಕಂಡರೆ ಇವತ್ತಿಗೂ ಅಡ್ಡ ತಿರುಗಿಯೇ ನುಸುಳುತ್ತೇನೆ. ಆಟೋದಲ್ಲಿ ಈಗಲೂ ನಡುವೆ ಕೂರುತ್ತೇನೆ, ಗಾಡಿ ವಾಲದಿರಲಿ ಎಂದು. ಹಿಂದೊಮ್ಮೆ ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹವೊಂದು ನಮ್ಮ ವ್ಯಾನಿನ ಹತ್ತಿರ ಬಂದು ನನ್ನನ್ನೇ ನೋಡುತ್ತಾ ನಿಂತಿತ್ತು. "ಎಷ್ಟು ದಿನಕ್ಕೆ ಆಗುತ್ತೆ ಅಂತ ಲೆಕ್ಕ ಹಾಕ್ತಿದೆ" ಎಂದಿದ್ದರು ನಮ್ಮನೆಯವರು. ಈ ಸಲ ನೆಂಟರ ಜೊತೆ ಹೋದಾಗ ಸಿಂಹ ಆಕಳಿಸಿ ಆ ಕಡೆ ತಿರುಗಿ ಮಲಗಿತು. ನನಗೆ ಬೇಜಾರಾಯಿತು ಎಂದರೆ ನೀವು ನಗುತ್ತೀರಿ. ಬೇಜಾರಾಯಿತು.

ಇಷ್ಟು ದಿನ ಮಂಡಿನೋವಿನ ನೆಪ ಹೇಳಿ ಭದ್ರಾವತಿಗೆ ಹೋಗದೆ ತಪ್ಪಿಸಿಕೊಂಡಿದ್ದೆ. ಶಿವರಾತ್ರಿ ಕಳೆದ ಮೇಲೆ ಅಪ್ಪನ ಸ್ಮರಣೆ ಬಂತು. ಅದಕ್ಕೆ ಹೋಗದಿರಲು ಆಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನನ್ನು ನೋಡಿ, ಪಕ್ಕಕ್ಕೆ ಸರಿದು, "ಬನ್ನಿ, ಒಳಗೆ ಬನ್ನಿ" ಎಂದು ಬಹುವಚನದಲ್ಲಿ ಕರೆದು, ನನ್ನ ಹಿಂದೆ ಸರೋಜ ಎಲ್ಲಿ ಎಂದು ಇಣುಕಿದಳು. "ನಾನೇ ಅವ್ವ" ಎಂದೆ. ಅವಳ ಮುಖ ಆಗ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಆ ದಿನ ಜಂಗಮರ ಪೂಜೆ, ನೆಂಟರ ಗದ್ದಲ. ನನ್ನ ತಟ್ಟೆಯಲ್ಲಿ ಉಳಿದದ್ದನ್ನು ರಶ್ಮಿಯ ತಟ್ಟೆಗೆ ದಾಟಿಸಿ ಹೇಗೋ ಪಾರಾದೆ. ಅವ್ವ ಏನೂ ಕೇಳಲಿಲ್ಲ. ಕೇಳದಿದ್ದಾಗಲೇ ನಾನು ಹೆದರಬೇಕಿತ್ತು.

ಎರಡು ವಾರ ಬಿಟ್ಟು ಅತ್ತಿಗೆಯ ಫೋನು ಬಂತು. "ಸರೋಜ, ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅತ್ತೆ ರಾತ್ರಿ ಊಟ ಬಿಟ್ಟು ಎಂಟು ದಿನ ಆಯ್ತು."

"ಯಾಕೆ ಅತ್ತಿಗೆ? ಹುಷಾರಿಲ್ವಾ?"

"ಹುಷಾರಾಗೇ ಇದ್ರು ಮಾರಾಯ್ತಿ. ಶ್ರೀಶೈಲಕ್ಕೆ ಹೋಗಿ ಬಂದ ಮೇಲೇ ನೀನು ಹಿಂಗಾಗಿದ್ದು, ಅಲ್ಲಿ ಏನೋ ತಪ್ಪು ನಡೆದಿದೆ ಅಂತ ಅವರ ತಲೇಲಿ ಕೂತಿದೆ. ನಿನ್ನ ಮೈ ತುಂಬೋ ತನಕ ರಾತ್ರಿ ಉಣ್ಣಲ್ಲ ಅಂತ ಮಲ್ಲಯ್ಯನಿಗೆ ಹರಕೆ ಹೊತ್ಕೊಂಡಿದಾರೆ. ಬಿಪಿ ಮಾತ್ರೆ ರಾತ್ರಿ ಊಟ ಆದ್ಮೇಲೆ ತಗೊಳ್ಳೋದಲ್ವಾ? ಊಟ ಇಲ್ಲ ಅಂತ ಅದೂ ಇಲ್ಲ. ನಿನ್ನೆ ಬಚ್ಚಲ ಹತ್ರ ತಲೆ ಸುತ್ತಿ ಗೋಡೆ ಹಿಡ್ಕೊಂಡು ನಿಂತಿದ್ರು."

ಫೋನಿಟ್ಟು ದೇವರ ಗೂಡಿನ ಕಡೆ ನೋಡಿದೆ. ತೆಂಗಿನಕಾಯಿ ಮೂರು ಕಣ್ಣಲ್ಲೂ ನನ್ನನ್ನು ನೋಡಿತು. ಅತ್ತ ಡಾಕ್ಟರು, ಇನ್ನೂ ಹದಿನೈದು ಕೆಜಿ ಇಳಿಯಬೇಕು ಎನ್ನುತ್ತಾರೆ. ಇತ್ತ ನಾನು ಇಳಿದಷ್ಟೂ ಅವ್ವ ಉಪವಾಸ. ನಿಜ ಹೇಳೋಣವೆಂದರೆ, ಆಪರೇಷನ್ ಎಂಬ ಮಾತು ಕೇಳಿ ಅವ್ವನಿಗೆ ಏನಾದರೂ ಆದರೆ? ಹೇಳದಿದ್ದರೆ ಬಚ್ಚಲಲ್ಲಿ ಬಿದ್ದರೆ? ಎರಡು ದಿನ ಯೋಚಿಸಿದೆ. ಆಮೇಲೆ ನನ್ನ ತಲೆಗೆ ಹೊಳೆದ ಉಪಾಯವನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೈ ತುಂಬಿದ್ದು ಅವ್ವನ ಕಣ್ಣಿಗೆ ಕಂಡರೆ ಸಾಕಲ್ಲ? ಮೂರು ಲಂಗ ಒಂದರ ಮೇಲೊಂದು ಉಟ್ಟೆ. ಸೊಂಟಕ್ಕೆ ದೊಡ್ಡ ಟರ್ಕಿ ಟವೆಲ್ ಸುತ್ತಿ ಪಿನ್ನು ಹಾಕಿದೆ. ಹಳೆಯ ಅಳತೆಯ ಕುಪ್ಪಸದ ಒಳಗೆ ನಮ್ಮನೆಯವರ ತೋಳಿಲ್ಲದ ಸ್ವೆಟರು. ಮೇಲೆ ಗಂಜಿ ಹಾಕಿದ ಕಾಟನ್ ಸೀರೆ. ಕನ್ನಡಿಯಲ್ಲಿ ನೋಡಿಕೊಂಡರೆ ಬಹಳ ದಿನದ ಮೇಲೆ ಗುರುತಿನವರೊಬ್ಬರು ಸಿಕ್ಕಂತೆ ಆಯಿತು. ನಿಜ ಹೇಳಬೇಕೆಂದರೆ, ಒಂದು ಗಳಿಗೆ ಅವಳನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಚೈತ್ರದ ಬಿಸಿಲು. ಬಸ್ಸು ತುಂಬಿತ್ತು. ದಪ್ಪ ಇದ್ದಾಗ ಯಾರಾದರೂ ಎದ್ದು ಜಾಗ ಬಿಡುತ್ತಿದ್ದರು. ತೆಳ್ಳಗಾದ ಮೇಲೆ ಶಿವಮೊಗ್ಗದಿಂದ ಭದ್ರಾವತಿಯವರೆಗೂ ನಿಂತೇ ಹೋಗಬೇಕಾದೀತೆಂದು ನನಗೆ ಗೊತ್ತಿತ್ತು. ಆದರೆ ಅವತ್ತು ಕಾಲೇಜಿನ ಹುಡುಗಿಯೊಬ್ಬಳು ನನ್ನ ಸೊಂಟದ ಕಡೆ ನೋಡಿದ ಕೂಡಲೇ ಎದ್ದು "ಕೂತ್ಕೊಳ್ಳಿ ಆಂಟಿ" ಎಂದಳು. ಟವೆಲ್ಲಿಗೆ ಸಿಕ್ಕ ಸೀಟಿನಲ್ಲಿ ನಾನು ಕೂತೆ. ಇದು ಉಪಕಾರವೋ ಅಲ್ಲವೋ ಎಂದು ಯೋಚಿಸುತ್ತಾ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಭದ್ರಾವತಿ ಬಂತು.

ಅವ್ವ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎರಡೇ ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮುಂಗೈ ಹಿಡಿದು ನೋಡಿದಳು, ಮತ್ತೆ ಹೊಟ್ಟೆಯ ಕಡೆ ನೋಡಿದಳು.

"ಏನೇ ಇದು ಸರೋಜಿ?"

"ಏನವ್ವ? ಮೈ ತುಂಬ್ತಾ ಇದೆ, ಕಾಣ್ಸಲ್ವಾ?"

"ಕೈ ಕಡ್ಡಿ, ಕತ್ತು ಕಡ್ಡಿ, ಹೊಟ್ಟೆ ಮಾತ್ರ ಇಷ್ಟು!" ಎಂದಳು ಅವ್ವ. "ನೀರು ತುಂಬ್ಕೊಂಡಿದೆ ಕಣೇ ಇದು. ಹೊಳೆಹೊನ್ನೂರಿನ ನಮ್ಮ ಚಿಕ್ಕಮ್ಮಂಗೂ ಹಿಂಗೇ ಆಗಿತ್ತು. ಮೂರು ತಿಂಗಳು ಇರ್ಲಿಲ್ಲ ಅವಳು." ಆಮೇಲೆ ಒಳಗೆ ತಿರುಗಿ ಕೂಗಿದಳು. "ನಿರ್ಮಲಾ, ಮಧ್ಯಾಹ್ನ ನನಗೆ ತಟ್ಟೆ ಹಾಕ್ಬೇಡ. ಇವತ್ತಿಂದ ಹಗಲು ಊಟಾನೂ ಬಿಟ್ಟೆ. ಮಲ್ಲಯ್ಯಾ, ನನ್ನನ್ನ ಕರ್ಕೊ, ಇವಳನ್ನ ಬಿಡು."

ನನ್ನ ಉಪಾಯ ಒಂದು ಊಟದ ಜಾಗದಲ್ಲಿ ಎರಡು ಊಟ ಬಿಡಿಸಿತ್ತು. ಇನ್ನು ಉಳಿದದ್ದು ಬೆಳಗಿನ ಕಾಫಿ ಮಾತ್ರ. ಅವ್ವನನ್ನು ಮೊರದ ಸಮೇತ ಒಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಪಿನ್ನು ಬಿಚ್ಚಿ, ಸೀರೆಯ ಒಳಗಿನಿಂದ ಟವೆಲ್ ಎಳೆದೆ. ಅದು ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಮರೆಗೆ ಹೋಗಿ ಸ್ವೆಟರ್ ತೆಗೆದು ತಂದು ಅವ್ವನ ಮುಂದೆ ಹಾಕಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡರು. ಅವ್ವ ನಗಲಿಲ್ಲ. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಶ್ರೀಶೈಲಕ್ಕೆ ಹೋಗಿರಲಿಲ್ಲ, ಆಸ್ಪತ್ರೆಗೆ ಹೋಗಿದ್ದೆ, ಹೊಟ್ಟೆಯಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದಾರೆ, ಕಾಯಿಲೆ ಏನೂ ಇಲ್ಲ, ಶುಗರ್ ಇಳಿದಿದೆ, ಹೀಗೆ ನೆಲದ ಮೇಲೆ ಕೂರುವುದಕ್ಕೂ ಆಗುತ್ತದೆ. ನಿನ್ನ ಕಾಯಿ ನಮ್ಮನೆಯ ಗೂಡಿನಲ್ಲೇ ಇದೆ.

ಬೈಗುಳಕ್ಕೆ ಸಿದ್ಧವಾಗಿದ್ದೆ, ಅಳುವಿಗೆ ಸಿದ್ಧವಾಗಿದ್ದೆ. ಅವಳು ಕೇಳಿದ್ದೇ ಬೇರೆ.

"ಕತ್ತರಿಸಿದ್ದು ಏನು ಮಾಡಿದ್ರು?"

"ಏನು?"

"ಆ ಹೊಟ್ಟೆ ತುಂಡು ಕಣೇ. ಮಣ್ಣು ಮಾಡಿದ್ರಾ, ಬಿಸಾಕಿದ್ರಾ?"

"ಗೊತ್ತಿಲ್ಲವ್ವ."

"ಕೇಳ್ಲಿಲ್ವಾ? ಕುಪ್ಪಸ ಹೊಲಿಯೋಕೆ ಕೊಟ್ರೆ ಉಳಿದ ಗೇಣು ಬಟ್ಟೇನ ಟೈಲರ್ ಹತ್ರ ಜಗಳ ಆಡಿ ಇಸ್ಕೊಂಡ್ ಬರ್ತೀಯ. ಸ್ವಂತ ಹೊಟ್ಟೆ ಎಲ್ಲಿಟ್ರಿ ಅಂತ ಕೇಳ್ಲಿಲ್ಲ! ದೀಕ್ಷೆ ಆದ ಮೈ ಅದು. ಒಂದು ಚೂರು ವಿಭೂತಿನಾದ್ರೂ ಹಚ್ಚಿದ್ರಾ?"

ಐದು ತಿಂಗಳು ಕೂದಲಿನ ಬಗ್ಗೆ, ಬಳೆಯ ಬಗ್ಗೆ, ಸಿಂಹದ ಬಗ್ಗೆ ಯೋಚಿಸಿದ್ದೆ. ನನ್ನ ಮುಕ್ಕಾಲು ಹೊಟ್ಟೆ ಈಗ ಎಲ್ಲಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವ್ವ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಲಿಂಗ ಎಲ್ಲಿತ್ತು ಆವಾಗ?"

"ಮೈಮೇಲೇ ಇತ್ತವ್ವ. ಎಡಗೈಗೆ ಕಟ್ಟಿದ್ರು. ಬಿಚ್ಚೋಕೆ ನಾನು ಬಿಡ್ಲಿಲ್ಲ."

ಅವ್ವ ಉಸಿರು ಬಿಟ್ಟಳು. "ಅದಕ್ಕೇ ಬದುಕಿ ಬಂದೆ" ಎಂದಳು. ಆಮೇಲೆ ನನ್ನ ಕಡೆ ನೋಡದೆ, "ನಿಮ್ಮಪ್ಪಂದು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ರು. ಹೊರಗಡೆ ಬೆಂಚಿನ ಮೇಲೆ ಸೆರಗಲ್ಲಿ ಕಟ್ಕೊಂಡು ಕೂತಿದ್ದೆ" ಎಂದಳು. ಇಷ್ಟು ವರ್ಷ ಅವ್ವ ಹೆದರುತ್ತಿದ್ದದ್ದು ಆಪರೇಷನ್ನಿನ ಕತ್ತಿಗಲ್ಲ, ಲಿಂಗ ಬಿಚ್ಚುವುದಕ್ಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆ ನನಗೊಬ್ಬಳಿಗೇ ತಟ್ಟೆ ಹಾಕಿದರು. ಅವ್ವ ಎದುರಿಗೆ ಗೋಡೆಗೆ ಒರಗಿ ಕೂತಳು, ಬಿಟ್ಟ ಊಟ ಬಿಟ್ಟದ್ದೇ. ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಸೌಟು ಅನ್ನ. ಕಾಲು ರೊಟ್ಟಿ ನಿಧಾನಕ್ಕೆ ಅಗಿದು ನುಂಗಿದೆ, ಎರಡು ಚಮಚ ಪಲ್ಯ ತಿಂದೆ. ಬಾಳೆಹಣ್ಣು ತುಂಬಿತು. ತಟ್ಟೆ ಹಾಗೇ ಉಳಿಯಿತು. ಅವ್ವನ ಎದುರಿಗೆ ಪ್ರಸಾದ ಬಿಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಉಣ್ಣು" ಎಂದಳು.

"ಆಗಲ್ಲವ್ವ."

"ಇನ್ನೊಂದು ತುತ್ತು. ನನ್ನ ಹೆಸರಲ್ಲಿ."

"ಬಾಯಿಗೆ ವಾಪಸ್ ಬರುತ್ತೆ ಅವ್ವ. ನಿಜವಾಗ್ಲೂ."

ಅತ್ತಿಗೆ ಕೈ ಚಾಚಿ, "ಕೊಡು ಇಲ್ಲಿ, ಹಿಂದಿನ ಮನೆ ಹಸುಗೆ ಹಾಕ್ತೀನಿ" ಎಂದರು. ಅವ್ವ ಸೊಸೆಯನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ಪ್ರಸಾದ ಹಸುಗೆ ಹಾಕ್ತೀಯಾ?" ಎಂದು, ಗೋಡೆ ಬಿಟ್ಟು ಮುಂದೆ ಸರಿದು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ರೊಟ್ಟಿ ಮುರಿದಳು.

ಸುಮ್ಮನಿರಬೇಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಹರಕೆ ಅವ್ವ?" ಎಂದೆ.

"ಬಾಯಿ ಮುಚ್ಚೇ. ಊಟ ಬಿಡ್ತೀನಿ ಅಂದಿದ್ದು, ಪ್ರಸಾದ ಕೆಡಿಸ್ತೀನಿ ಅಂದಿಲ್ಲ. ಮಲ್ಲಯ್ಯಂಗೂ ಅಷ್ಟು ತಿಳಿಯುತ್ತೆ." ಹಸಿದ ಬಾಯಿ, ಹತ್ತು ದಿನದ ಹಸಿವು. ತಟ್ಟೆ ಬರಿದಾಯಿತು. ನೀರು ಹಾಕಿ ತೊಳೆದು, ಅಭ್ಯಾಸದಂತೆ ನನ್ನ ಕಡೆ ಚಾಚಿದಳು, "ನಿನ್ನ ತಟ್ಟೆ, ನೀನು ಕುಡಿ" ಎಂದಳು. ಊಟವಾಗಿ ಅರ್ಧ ಗಂಟೆ ಕಳೆಯಬೇಕು ಎಂದೆ. "ಒಳ್ಳೇ ಡಾಕ್ಟ್ರು ಮಾರಾಯ್ತಿ ನಿಂಗೆ ಸಿಕ್ಕಿದ್ದು" ಎಂದು ಗೊಣಗಿ, ನೀರನ್ನು ಲೋಟಕ್ಕೆ ಬಗ್ಗಿಸಿ, ಮೇಲೆ ಮುಚ್ಚಳ ಇಟ್ಟಳು. ಇಬ್ಬರೂ ಗೋಡೆ ಗಡಿಯಾರ ನೋಡುತ್ತಾ ಕೂತೆವು. ಲೋಟದ ನೀರಿನ ಕಾವಲಿನ ಈ ಪದ್ಧತಿ ಶುರುವಾದದ್ದು ಹಾಗೆ.

ಅತ್ತಿಗೆ ಜಾಣೆ. ಸಂಜೆ ಏಳಕ್ಕೇ ನನ್ನನ್ನು ಕೂರಿಸಿ, ಗದ್ದೆ ಕೆಲಸ ಮಾಡಿ ಬಂದವರಿಗೆ ಬಡಿಸುವ ಹಾಗೆ ಬಡಿಸಿದರು. ನಾನು ಮೂರು ಚಮಚ ಉಂಡು ಕೈ ಬಿಟ್ಟೆ. ಅವ್ವ ನಿಟ್ಟುಸಿರು ಬಿಟ್ಟು, ಇದೊಂದು ಕರ್ಮ ಎನ್ನುತ್ತಾ ಉಳಿದದ್ದು ಮುಗಿಸಿದಳು, ಮಾತ್ರೆ ನುಂಗಿದಳು. ಹೀಗೆ ಎಂಟು ದಿನ ತವರಿನಲ್ಲಿದ್ದೆ. ನಾನು ಬಿಡುವುದು, ಅವ್ವ ಮುಗಿಸುವುದು. ಚಿಕ್ಕಂದಿನಲ್ಲೂ ಹೀಗೆಯೇ ನಡೆದಿರಬೇಕು, ನನಗೆ ನೆನಪಿಲ್ಲ, ಅವ್ವನ ಕೈಗೆ ನೆನಪಿತ್ತು. ಒಂಬತ್ತನೆಯ ದಿನ ಎಲ್ಲರೂ ಸೇರಿ ಶ್ರೀಶೈಲಕ್ಕೆ ಹೊರಟೆವು, ಈ ಸಲ ನಿಜವಾಗಿ, ನಮ್ಮನೆಯವರೂ ರಶ್ಮಿಯೂ ಗೂಡಿನಿಂದ ತಂದ ಅದೇ ತೆಂಗಿನಕಾಯಿಯ ಸಮೇತ. ಅಲ್ಲಿ ಕಾಯಿ ಒಡೆದರೆ ಒಂದು ತೊಟ್ಟು ನೀರಿಲ್ಲ. ಒಳಗಿನ ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡು, ಗುಡುಗುಡು ಎನ್ನುವ ಕೊಬ್ಬರಿಯಾಗಿತ್ತು. ನಾನು ಅಪಶಕುನವೆಂದು ಹೆದರಿದೆ. ಅವ್ವ ಅದನ್ನೂ ನನ್ನನ್ನೂ ನೋಡಿ, "ನಿನ್ನ ಹಂಗೇ ಆಗಿದೆ. ಕೆಟ್ಟಿಲ್ಲ, ಬಿಡು" ಎಂದಳು. ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತು ಅವಳು ಮಲ್ಲಯ್ಯನಿಗೆ ಹೇಳಿದ್ದು ನನಗೆ ಕೇಳಿಸಿತು. "ಮೈ ತುಂಬದಿದ್ರೂ ಪರವಾಗಿಲ್ಲ. ಇರೋದನ್ನ ಉಳಿಸು. ಅವಳ ಹೊಟ್ಟೆ ತುಂಡು ಎಲ್ಲಿದ್ರೂ ನಿನ್ನದೇ, ನೋಡ್ಕೊ." ಅವತ್ತು ರಾತ್ರಿ ತನ್ನದೇ ತಟ್ಟೆಯಲ್ಲಿ ಕೂತು ಉಂಡಳು.

ಈಗ ನಾನು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿದ್ದೇನೆ. ಇಲ್ಲಿ ನಾನು ಬಿಟ್ಟದ್ದನ್ನು ಮುಗಿಸುವವರು ನಮ್ಮನೆಯವರು. ಕೆಡಿಸಬಾರದಲ್ಲ. ಮೊನ್ನೆ ನನ್ನ ತಪಾಸಣೆಗೆ ಹೋದಾಗ ಡಾಕ್ಟರು ನನ್ನ ಫೈಲು ನೋಡಿ ಭೇಷ್ ಎಂದರು, ಜೊತೆಗೆ ಬಂದಿದ್ದ ಇವರ ಬೆಲ್ಟನ್ನು ನೋಡಿ ಇವರಿಗೆ ಜೀರ್ಣಕ್ಕೆಂದು ಒಂದು ಮಾತ್ರೆ ಬರೆದುಕೊಟ್ಟರು. ಅತ್ತಿಗೆಯ ಫೋನು ಬಂದರೆ, ಅವ್ವನ ಕುಪ್ಪಸದ ಹೊಲಿಗೆ ಬಿಚ್ಚಿ ಒಂದು ಬೆರಳು ಸಡಿಲ ಮಾಡಿಸಿದೆವು ಎಂಬ ಸುದ್ದಿ. ನನ್ನ ಮುಕ್ಕಾಲು ಹೊಟ್ಟೆ ಎಲ್ಲಿ ಹೋಯಿತೆಂದು ಅವ್ವ ಕೇಳಿದ್ದಳಲ್ಲ, ನನಗೀಗ ಅನುಮಾನ ಬರತೊಡಗಿದೆ. ಅದು ಎಲ್ಲೂ ಹೋಗಿಲ್ಲ. ಸ್ವಲ್ಪ ವಿನೋಬನಗರದಲ್ಲಿದೆ, ಸ್ವಲ್ಪ ಹೊಸಮನೆಯಲ್ಲಿದೆ.

ಇಷ್ಟು ಬರೆಯುವಷ್ಟರಲ್ಲಿ ಗಡಿಯಾರ ನೋಡಿದರೆ ಅರ್ಧ ಗಂಟೆ ಹೋಗಿ ಮುಕ್ಕಾಲು ಗಂಟೆಯಾಗಿದೆ. ಬೆಳಿಗ್ಗೆ ಪೂಜೆಯಲ್ಲಿ ನಾಲ್ಕೇ ಉಪಕಾರ ಸಿಕ್ಕಿದ್ದವು. ಮೈಮೇಲಿದ್ದ ಲಿಂಗ, ನೆಲದ ಮೇಲಿನ ಪದ್ಮಾಸನ, ಅವ್ವನ ರಾತ್ರಿಯೂಟ, ಬಸ್ಸಿನ ಆ ಸೀಟು. ಐದನೆಯದು ಈ ಲೋಟದ ನೀರೇ ಇರಲಿ, ಹೊತ್ತಾದರೂ ಪ್ರಸಾದ ಪ್ರಸಾದವೇ, ಎಂದು ಕೈ ಚಾಚಿದೆ. ಬರೆಯುವ ಗುಂಗಿನಲ್ಲಿ ನೋಡಿಯೇ ಇರಲಿಲ್ಲ, ಲೋಟ ಖಾಲಿಯಾಗಿತ್ತು.

"ರೀ, ಇಲ್ಲಿದ್ದ ನೀರು?"

"ಮಾತ್ರೆ ನುಂಗಿದೆ ಕಣೇ" ಎಂದರು ಒಳಗಿನಿಂದ. "ಏನೋ ಸಾರಿನ ವಾಸನೆ ಇತ್ತು. ಯಾಕೆ, ಬೇಕಾಗಿತ್ತಾ?"

ಏನು ಹೇಳುವುದು? ಜೀವಮಾನವಿಡೀ ಮನೆಯವರೆಲ್ಲರ ತಟ್ಟೆ ಮುಗಿಸಿದವಳು ನಾನು. ಈಗ ನನ್ನ ತಟ್ಟೆ ತೊಳೆದ ನೀರನ್ನೂ ಇನ್ನೊಬ್ಬರು ಮುಗಿಸಿದ್ದಾರೆ. ಇದನ್ನು ಶಿವ ಕೊಟ್ಟದ್ದೆಂದು ಎಣಿಸಬೇಕೋ ಕಿತ್ತುಕೊಂಡದ್ದೆಂದು ಎಣಿಸಬೇಕೋ ಗೊತ್ತಾಗದೆ, ಹೆಬ್ಬೆರಳನ್ನು ಅರ್ಧ ಮಾತ್ರ ಮಡಚಿಕೊಂಡು ಲೋಟ ತೊಳೆಯಲು ಎದ್ದೆ.